ಪಕ್ಕದ ಮನೆಯ ಬೇಲಿಯಿಂದ ಬಂದ ಬೀಜ

2017ರ ಅಕ್ಟೋಬರ್‌ನ ಒಂದು ಸಂಜೆ ಪಕ್ಕದ ಮನೆಯ ಅಜ್ಜಿ ಬೇಲಿಯಾಚೆಯಿಂದ ಕರೆದರು. ಮನೆ ಮಾರುವುದೆಂದು ತೀರ್ಮಾನವಾಗಿದೆ, ಇನ್ನೊಂದು ವರ್ಷದೊಳಗೆ ಮಗಳ ಊರಿಗೆ ಹೋಗುತ್ತೇನೆ ಎಂದರು. ಆಮೇಲೆ ಅಂಗಳದ ಮೂಲೆಯಲ್ಲಿದ್ದ ಪೊದೆಯ ಕಡೆ ತಿರುಗಿ, "ಮನೆ ಕೊಂಡವರು ಇದನ್ನು ಉಳಿಸಿಕೊಳ್ಳುವುದಿಲ್ಲ, ನನಗೆ ಗೊತ್ತು. ನಿನಗೇನು ಬೇಕೋ ಈಗಲೇ ತೆಗೆದುಕೋ" ಎಂದರು.

ಬಾಸ್ಟನ್ನಿನ ಪಶ್ಚಿಮಕ್ಕಿರುವ ಈ ಸಣ್ಣ ಊರಿಗೆ ನಾವು ಬಂದ ಮೊದಲ ವಸಂತದಿಂದಲೂ ನನ್ನ ಕಣ್ಣು ಆ ಪೊದೆಯ ಮೇಲಿತ್ತು. ಸಾರ್ಜೆಂಟ್ ಕ್ರ್ಯಾಬ್ ಆ್ಯಪಲ್ ಅಂತ ಅದರ ಹೆಸರು, ಸೇಬಿನ ಜಾತಿಯದೇ ಪುಟ್ಟ ಹಣ್ಣಿನ ಗಿಡ. ಎರಡು ಮೀಟರ್ ಎತ್ತರ, ಅದಕ್ಕಿಂತ ಜಾಸ್ತಿ ಅಗಲ, ಕೊಂಬೆಗಳೆಲ್ಲ ಅಡ್ಡಡ್ಡ ಚಾಚಿ ನೆಲಕ್ಕೆ ಬಾಗಿರುತ್ತವೆ. ಮೇ ತಿಂಗಳಲ್ಲಿ ಕೆಂಪು ಮೊಗ್ಗು ಕಟ್ಟಿ, ನಾಲ್ಕೈದು ದಿನದಲ್ಲಿ ಅಚ್ಚ ಬಿಳಿಯ ಹೂವಾಗಿ ಬಿಚ್ಚಿಕೊಳ್ಳುತ್ತದೆ. ಕೆಂಪು ಮೊಗ್ಗಿನಿಂದ ಇಷ್ಟು ಬಿಳಿ ಎಲ್ಲಿಂದ ಬಂತು ಎಂದು ಪ್ರತಿ ವರ್ಷವೂ ನಿಂತು ನೋಡುತ್ತಿದ್ದೆ. ಅಕ್ಟೋಬರ್ ಹೊತ್ತಿಗೆ ಬಟಾಣಿ ಕಾಳಿನಷ್ಟು ದೊಡ್ಡ ಕೆಂಪು ಹಣ್ಣು, ಗೊಂಚಲು ಗೊಂಚಲು. ಅಜ್ಜಿಯ ಗಂಡ ನೆಟ್ಟಿದ್ದು. ಅವರು ಹೋಗಿ ಆಗಲೇ ಹನ್ನೊಂದು ವರ್ಷವಾಗಿತ್ತು.

ಅಷ್ಟು ಹಳೆಯ ಗಿಡವನ್ನು ಬುಡಸಮೇತ ಕಿತ್ತು ತರುವಂತಿಲ್ಲ. ಕಡ್ಡಿ ಚುಚ್ಚಿ ನೋಡೋಣವೆಂದರೆ ಈ ಜಾತಿಯ ಕಡ್ಡಿ ಸುಲಭಕ್ಕೆ ಬೇರು ಬಿಡುವುದಿಲ್ಲ. ಕಸಿ ಕಟ್ಟಲು ನನಗೆ ಬರುವುದಿಲ್ಲ. ಉಳಿದದ್ದು ಬೀಜ. ಆದರೆ ಶಿರಸಿ ಕಡೆಯ ತೋಟದ ಮನೆಯಲ್ಲಿ ಬೆಳೆದವಳಿಗೆ ಬೀಜದ ಮಾತು ಬಂದ ಕೂಡಲೇ ಒಂದು ಅನುಮಾನ ಏಳುತ್ತದೆ. ನಮ್ಮಲ್ಲಿ ಒಳ್ಳೆಯ ಅಪ್ಪೆಮಿಡಿ ಮರ ಕಂಡರೆ ಯಾರೂ ಅದರ ಗೊರಟೆ ಊರಿ ಕಾಯುವುದಿಲ್ಲ, ಕಡ್ಡಿ ತಂದು ಕಸಿ ಕಟ್ಟುತ್ತಾರೆ. ಗೊರಟೆಯಿಂದ ಎದ್ದ ಮರಕ್ಕೆ ತಾಯಿಮರದ ಪರಿಮಳ ಬಂದೀತೆಂಬ ಭರವಸೆಯಿಲ್ಲ. ಸೇಬಿನದೂ ಇದೇ ಕತೆ. ಒಂದೇ ಹಣ್ಣಿನ ಐದು ಬೀಜ ಹಾಕಿದರೆ ಐದು ಥರದ ಗಿಡ.

ಸಾರ್ಜೆಂಟ್ ಮಾತ್ರ ಹಾಗಲ್ಲ ಎಂದು ಗೊತ್ತಾದದ್ದು ಆ ವಾರ ಓದುತ್ತಾ ಕೂತಾಗ. ಇದರ ಬಹುಪಾಲು ಬೀಜಗಳಲ್ಲಿ ಭ್ರೂಣ ಹುಟ್ಟುವುದು ಗಂಡು ಹೆಣ್ಣಿನ ಕೂಡುವಿಕೆಯಿಂದಲ್ಲ, ತಾಯಿಯ ಜೀವಕೋಶದಿಂದಲೇ. ಅಂದರೆ ಬೀಜದಿಂದ ಎದ್ದರೂ ಸಸಿ ತಾಯಿಯ ಪಡಿಯಚ್ಚು. ನಮ್ಮ ಕರಾವಳಿಯ ಕೆಲವು ಮಾವಿನ ಜಾತಿಗಳಲ್ಲಿ ಒಂದೇ ಗೊರಟೆಯಿಂದ ಎರಡು ಮೂರು ಸಸಿ ಏಳುತ್ತವಲ್ಲ, ಅವುಗಳಲ್ಲಿ ಹೆಚ್ಚಿನವು ತಾಯಿಯಂತೆಯೇ ಇರುತ್ತವಲ್ಲ, ಹೆಚ್ಚುಕಡಿಮೆ ಆ ಥರದ್ದೇ ವ್ಯವಹಾರ. ಕ್ರ್ಯಾಬ್ ಆ್ಯಪಲ್‌ಗಳ ಈ ಗುಣವನ್ನು ಇಲ್ಲೇ ಬಾಸ್ಟನ್ನಿನ ಆರ್ನಾಲ್ಡ್ ಆರ್ಬೊರೇಟಂನಲ್ಲಿ ಕಾರ್ಲ್ ಸ್ಯಾಕ್ಸ್ ಎಂಬ ವಿಜ್ಞಾನಿ ಅಧ್ಯಯನ ಮಾಡಿದ್ದರು. ಗಿಡದ ಹೆಸರೂ ಅಲ್ಲಿಂದಲೇ ಬಂದದ್ದು. ಆ ಸಸ್ಯೋದ್ಯಾನ ಶುರುವಾದದ್ದು 1872ರಲ್ಲಿ, ಅದರ ಮೊದಲ ನಿರ್ದೇಶಕ ಚಾರ್ಲ್ಸ್ ಸ್ಪ್ರೇಗ್ ಸಾರ್ಜೆಂಟ್. 1892ರಲ್ಲಿ ಜಪಾನಿಗೆ ಹೋದಾಗ ಹೊಕ್ಕೈಡೋ ದ್ವೀಪದ ಮುರೊರಾನ್ ಬಳಿ ಈ ಪೊದೆ ಅವರ ಕಣ್ಣಿಗೆ ಬಿತ್ತು, ಬೀಜ ತಂದರು. ಈ ದೇಶಕ್ಕೆ ಇದು ಬಂದದ್ದೇ ಬೀಜವಾಗಿ ಎಂದು ತಿಳಿದ ಮೇಲೆ ನನಗೆ ಧೈರ್ಯ ಬಂತು. ಆ ಅಜ್ಜಿಯ ಪೊದೆಯನ್ನೇ, ಅದರಂಥದ್ದನ್ನಲ್ಲ, ಅದನ್ನೇ ಉಳಿಸಿಕೊಳ್ಳಬಹುದು.

ಮೊದಲ ಸಲ ಇಬ್ಬನಿ ಹೆಪ್ಪುಗಟ್ಟಿ ಹಣ್ಣು ಮೆತ್ತಗಾದ ಮೇಲೆ ಒಂದು ಪಾತ್ರೆ ತುಂಬ ಕೊಯ್ದೆ. ಒಂದನ್ನು ಉಗುರಿನಿಂದ ಸೀಳಿ ನೋಡಿದೆ. ಬೀಜ ಅಕ್ಕಿಕಾಳಿಗಿಂತ ಗಿಡ್ಡ, ಒಂದು ತುದಿ ಚೂಪು, ಬಣ್ಣ ಸುಟ್ಟ ಬೆಲ್ಲದ್ದು. ಈ ಬಣ್ಣವೇ ಮುಖ್ಯ. ಬಿಳಿ ಅಥವಾ ತಿಳಿ ಹಳದಿ ಇದ್ದರೆ ಬೀಜ ಬಲಿತಿಲ್ಲ ಎಂದರ್ಥ. ಹಣ್ಣನ್ನು ಬಟ್ಟಲಿನಲ್ಲಿ ಕಿವುಚಿ, ನೀರು ಹಾಕಿ ಎರಡು ದಿನ ಬಿಟ್ಟೆ. ತಿರುಳು ಹುಳಿತು ಮೇಲೆ ಬಂತು. ಬಸಿದು ಬಸಿದು ತೊಳೆದಾಗ ಗಟ್ಟಿ ಬೀಜ ತಳದಲ್ಲಿ ಉಳಿಯಿತು, ಜೊಳ್ಳು ತೇಲಿ ಹೋಯಿತು. ತಿರುಳು ಒಂದಿಷ್ಟೂ ಅಂಟಿಕೊಂಡಿರಬಾರದು. ಮೊಳಕೆಯನ್ನು ತಡೆಯುವ ಅಂಶ ಅದರಲ್ಲಿದೆ, ಬೂಷ್ಟು ಹಿಡಿಯುವುದೂ ಅದರಿಂದಲೇ. ಎಣಿಸಿದರೆ 240 ಬೀಜ.

ಅವನ್ನು ಮೂರು ಪಾಲು ಮಾಡಿದೆ. ಸೇಬಿನ ಜಾತಿಯ ಬೀಜ ಚಳಿಗಾಲ ಕಳೆಯದೆ ಏಳುವುದಿಲ್ಲ. ಅಕ್ಟೋಬರ್‌ನಲ್ಲಿ ನೆಲಕ್ಕೆ ಬಿದ್ದ ಬೀಜ ನವೆಂಬರ್‌ನಲ್ಲೇ ಮೊಳೆತರೆ ಮುಂದಿನ ಹಿಮದಲ್ಲಿ ಸಾಯುತ್ತದೆ, ಅದಕ್ಕೇ ಒಳಗಿಂದ ಬೀಗ ಹಾಕಿಕೊಂಡಿರುತ್ತದೆ. ತೇವ ಮತ್ತು ತಂಪು ಎರಡೂ ಒಟ್ಟಿಗೆ ಎರಡು ಮೂರು ತಿಂಗಳು ಸಿಕ್ಕಿದರೆ ಮಾತ್ರ ಆ ಬೀಗ ತೆರೆಯುವುದು. ಒಣ ಬೀಜವನ್ನು ಫ್ರಿಜ್‌ನಲ್ಲಿ ಎಷ್ಟು ದಿನ ಇಟ್ಟರೂ ಪ್ರಯೋಜನವಿಲ್ಲ. 100 ಬೀಜವನ್ನು ತೊಳೆದ ಮರಳಿನಲ್ಲಿ ಬೆರೆಸಿ, ಹಿಂಡಿದರೆ ಒಂದೇ ಹನಿ ಬರುವಷ್ಟು ಹಸಿ ಮಾಡಿ, ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಕಟ್ಟಿ ಫ್ರಿಜ್‌ನ ಕೆಳಗಿನ ಖಾನೆಯಲ್ಲಿಟ್ಟೆ. ಅಲ್ಲಿ 3-4 ಡಿಗ್ರಿ ಸೆಲ್ಸಿಯಸ್ ಇರುತ್ತದೆ. 120 ಬೀಜವನ್ನು ಎರಡು ಕುಂಡಗಳಲ್ಲಿ ಅರ್ಧ ಇಂಚು ಆಳಕ್ಕೆ ಹಾಕಿ, ಕುಂಡವನ್ನು ಅಂಚಿನವರೆಗೂ ಮಣ್ಣಿನಲ್ಲಿ ಹೂತು, ಅಳಿಲು ಇಲಿ ಬಾರದಂತೆ ಮೇಲೆ ಕಾಲಿಂಚಿನ ತಂತಿ ಬಲೆ ಬಿಗಿದೆ. ಉಳಿದ 20ನ್ನು ನೇರವಾಗಿ ಮನೆಯೊಳಗಿನ ಕುಂಡದಲ್ಲಿ ಹಾಕಿದೆ, ಚಳಿ ಕೊಡದಿದ್ದರೆ ಏನಾಗುತ್ತದೆಂದು ನನ್ನ ಕಣ್ಣಿಂದಲೇ ನೋಡಬೇಕೆಂದು.

ಫೋನಿನಲ್ಲಿ ಆಯಿಗೆ, ಅಂದರೆ ಅಮ್ಮನಿಗೆ, ಹೇಳಿದಾಗ ಅವಳಿಗೆ ಗಾಬರಿ. "ಫ್ರಿಜ್ಜಲ್ಲಿ ಇಟ್ರೆ ಬೀಜ ಸಾಯ್ತಿಲ್ಯನೇ ಕೂಸೇ?" ಅಂದಳು. ಹಲಸು, ಮಾವು, ಅಡಕೆ ಕಂಡ ಕೈ ಅದು. ಅಲ್ಲಿನ ಬೀಜಕ್ಕೆ ಚಳಿಯೆಂದರೆ ಸಾವು, ಇಲ್ಲಿನದಕ್ಕೆ ಚಳಿಯೇ ಹೆರಿಗೆ. ಅವಳಿಗೆ ಅದನ್ನು ಬಿಡಿಸಿ ಹೇಳಿದ ದಿನವೇ ನನಗೂ ಪೂರ್ತಿ ಅರ್ಥವಾದದ್ದು.

ವಾರಕ್ಕೊಮ್ಮೆ ಕೊಟ್ಟೆ ಬಿಚ್ಚಿ ನೋಡುತ್ತಿದ್ದೆ. ಡಿಸೆಂಬರ್‌ನಲ್ಲಿ ಒಮ್ಮೆ ಬೂದು ಬೂಷ್ಟು ಕಂಡಿತು. ಬೀಜವನ್ನೆಲ್ಲ ಜರಡಿಯಲ್ಲಿ ತೊಳೆದು, ಮೆತ್ತಗಾದ ಆರು ಬೀಜ ಎಸೆದು, ಹೊಸ ಮರಳು ಹಾಕಿದೆ. ಜನವರಿ 8ಕ್ಕೆ, ಅಂದರೆ ಫ್ರಿಜ್‌ಗೆ ಹೋಗಿ 68ನೇ ದಿನ, ಮರಳಿನ ನಡುವೆ ಒಂದು ಬೀಜದ ಚೂಪು ತುದಿ ಒಡೆದು, ಬಿಳಿ ಬೇರು ಎರಡು ಮಿಲಿಮೀಟರ್ ಈಚೆ ಬಂದಿತ್ತು. ಕತ್ತಲೆಯಲ್ಲಿ, ಹಾಲಿನ ಡಬ್ಬಿಯ ಪಕ್ಕದಲ್ಲಿ, ಆ ಚಳಿಯಲ್ಲೇ. ಆ ಪುಟ್ಟ ಬೇರನ್ನು ನೋಡಿದಾಗ ಆದ ಸಂತೋಷವನ್ನು ಇವತ್ತಿಗೂ ಮರೆತಿಲ್ಲ. ಆತುರಪಟ್ಟು ಎಲ್ಲವನ್ನೂ ಆಗಲೇ ಬೆಚ್ಚಗಿನ ಜಾಗಕ್ಕೆ ತರಲಿಲ್ಲ. ಚಳಿ ಪೂರ್ತಿಯಾಗದ ಬೀಜ ಸೆಕೆ ಕಂಡರೆ ಮತ್ತೆ ನಿದ್ದೆಗೆ ಜಾರುತ್ತದೆ, ಆಮೇಲೆ ಮೊದಲಿನಿಂದ ಚಳಿ ಕೊಡಬೇಕು. ತಿಂಗಳ ಕೊನೆಯವರೆಗೆ ಕಾದೆ. 71 ಬೀಜ ಮೊಳೆತವು.

ಅಷ್ಟನ್ನೂ ಸಣ್ಣ ಸಣ್ಣ ಕೋಶಗಳಿದ್ದ ಟ್ರೇಯಲ್ಲಿ ಹಾಕಿ ಅಡುಗೆಮನೆಯ ಕಿಟಕಿಯಲ್ಲಿಟ್ಟೆ. ಕಾಲುಗಂಟೆಗೊಮ್ಮೆ ಹೋಗಿ ನೋಡುವ ಹುಚ್ಚು. ಬೀಜದ ಸಿಪ್ಪೆಯನ್ನು ಟೋಪಿಯಂತೆ ಹೊತ್ತುಕೊಂಡು ಏಳುತ್ತವೆ, ಆಮೇಲೆ ದಪ್ಪನೆಯ ಎರಡು ಬೀಜದೆಲೆ ಬಿಡಿಸಿಕೊಳ್ಳುತ್ತವೆ. ಅವುಗಳ ನಡುವಿನಿಂದ ಅಂಚೆಲ್ಲ ಗರಗಸದಂತಿರುವ ಮೊದಲ ನಿಜವಾದ ಎಲೆ ಬರುವಾಗ ಅದರ ಮೈಮೇಲೆ ಸಣ್ಣ ಬಿಳಿ ರೋಮ.

ಫೆಬ್ರವರಿ ಮಧ್ಯದಲ್ಲಿ ಒಂದು ಬೆಳಿಗ್ಗೆ ನೋಡಿದರೆ ಮೂರು ಸಸಿ ಅಡ್ಡ ಬಿದ್ದಿವೆ. ಮೇಲೆ ಎಲೆ ಹಸಿರಾಗೇ ಇದೆ, ಬುಡದಲ್ಲಿ ಮಣ್ಣು ಮುಟ್ಟುವ ಕಡೆ ಕಾಂಡ ನೂಲಿನಂತೆ ತೆಳ್ಳಗಾಗಿ ಕಂದಿದೆ. ಸಂಜೆಗೆ ಒಂಬತ್ತು. ನಾಲ್ಕು ದಿನದಲ್ಲಿ 26 ಸಸಿ ಹೋದವು. ಅಪ್ಪಯ್ಯನಿಗೆ ಫೋಟೊ ಕಳಿಸಿದೆ. ನೋಡಿದ ಕೂಡಲೇ "ಕೊಳೆ" ಅಂದರು. ಅವರ ಮಾತು ಬಹಳ ದೂರ ಹೋಗಿರಲಿಲ್ಲ. ಅಡಕೆಯ ಕೊಳೆರೋಗ ತರುವ ಫೈಟಾಫ್ತೊರಾ ಮತ್ತು ಸಸಿಗಳ ಬುಡ ಕೊಳೆಸುವ ಪಿಥಿಯಂ ದಾಯಾದಿಗಳು, ಎರಡೂ ನೀರಿನಲ್ಲಿ ಈಜಿ ಹರಡುವಂಥವು. ಮಳೆ ಹಿಡಿಯುವ ಮೊದಲೇ ಅಡಕೆ ಮರ ಹತ್ತುವ ಕೊನೆಗೌಡನನ್ನು ಕರೆಸಿ ಕೊಳೆಗೆ ಬೋರ್ಡೋ ದ್ರಾವಣ ಹೊಡೆಸುವ ಮನೆಯವಳು ನಾನು, ಟ್ರೇಯ ಮೇಲೆ ದಿನಾ ಸಂಜೆ ನೀರು ಚಿಮುಕಿಸಿ, ಗಾಳಿಯಾಡದ ಹಾಗೆ ಪ್ಲಾಸ್ಟಿಕ್ ಮುಚ್ಚಳ ಹಾಕಿದ್ದೆ. ಆ ಸಸಿಗಳು ಹೋದದ್ದು ನನ್ನಿಂದ.

ಮುಚ್ಚಳ ತೆಗೆದೆ. ಮಣ್ಣಿನ ಮೇಲೆ ಒಣ ದಪ್ಪ ಮರಳು ಒಂದು ಪದರ ಹರವಿದೆ. ನೀರನ್ನು ಕೆಳಗಿನ ತಟ್ಟೆಗೆ ಹಾಕಿ ಬುಡದಿಂದ ಹೀರಿಕೊಳ್ಳಲು ಬಿಟ್ಟು, ಅರ್ಧ ಗಂಟೆಯಾದ ಮೇಲೆ ಉಳಿದದ್ದನ್ನು ಚೆಲ್ಲುವುದು. ಸಣ್ಣ ಫ್ಯಾನ್ ಒಂದನ್ನು ಹಗಲೆಲ್ಲ ಓಡಿಸಿದೆ, ದೀಪವನ್ನು ಸಸಿಯಿಂದ ನಾಲ್ಕು ಬೆರಳು ಎತ್ತರಕ್ಕೆ ಇಳಿಸಿದೆ. ಐದನೆಯ ದಿನದಿಂದ ಒಂದೂ ಬೀಳಲಿಲ್ಲ. 45 ಉಳಿದವು.

ಹೊರಗಿನ ಕುಂಡಗಳನ್ನು ನಾನು ಹೆಚ್ಚುಕಡಿಮೆ ಮರೆತೇಬಿಟ್ಟಿದ್ದೆ. 2018ರ ಮಾರ್ಚ್‌ನಲ್ಲಿ ಎರಡು ವಾರದೊಳಗೆ ಮೂರು ಬಿರುಗಾಳಿ ಬಂದು ಅವುಗಳ ಮೇಲೆ ಹಿಮದ ರಾಶಿಯೇ ಕೂತಿತ್ತು. ಏಪ್ರಿಲ್ ಕೊನೆಗೆ ಬಲೆ ಎತ್ತಿದರೆ ಕುಂಡದ ತುಂಬ ಹಸಿರು. 68 ಸಸಿ, ಗಿಡ್ಡ, ದಪ್ಪ ಕಾಂಡ, ಕಡು ಹಸಿರು. ಮೂರು ತಿಂಗಳು ಮೊದಲೇ ಹುಟ್ಟಿ, ದೀಪದ ಕೆಳಗೆ ಬೆಳೆದ ಒಳಗಿನವುಗಳನ್ನು ಇವು ಆಗಸ್ಟ್ ಹೊತ್ತಿಗೆ ಹಿಂದೆ ಹಾಕಿದವು. ಚಳಿಯಿರುವ ಊರಲ್ಲಿದ್ದು ಯಾರಾದರೂ ನನ್ನನ್ನು ಕೇಳಿದರೆ ಒಂದೇ ಮಾತು ಹೇಳುತ್ತೇನೆ: ಫ್ರಿಜ್ ಬೇಡ, ಕುಂಡ ಹೂತು ಬಲೆ ಬಿಗಿದು ಬಿಟ್ಟುಬಿಡಿ. ಚಳಿ ಕೊಡದ ಮೂರನೇ ಪಾಲಿನ 20 ಬೀಜದಲ್ಲಿ ಒಂದೂ ಏಳಲಿಲ್ಲ. ಆ ಕುಂಡವನ್ನು ಎಸೆಯದೆ ಹೊರಗಿಟ್ಟಿದ್ದೆ. ಒಂದು ಪೂರ್ತಿ ಚಳಿಗಾಲ ಕಂಡು 2019ರ ವಸಂತದಲ್ಲಿ ಅದರಲ್ಲಿ ಐದು ಎದ್ದವು.

ಆ ಬೇಸಿಗೆಯಲ್ಲಿ ಎಲೆಗಳನ್ನು ಗಮನಿಸುವುದೇ ನನ್ನ ಕೆಲಸವಾಯಿತು. ಸಾರ್ಜೆಂಟ್‌ನ ಹುರುಪಾಗಿ ಬೆಳೆಯುವ ಚಿಗುರಿನಲ್ಲಿ ಎಲೆ ಮೂರು ಹಾಲೆಗಳಾಗಿ ಸೀಳಿರುತ್ತದೆ, ಸ್ವಲ್ಪ ಹತ್ತಿ ಎಲೆಯ ಹಾಗೆ. ಜುಲೈನಲ್ಲಿ ಕುಂಡಗಳನ್ನು ಸಾಲಾಗಿಟ್ಟು ನೋಡಿದರೆ ಒಂದರಂತೆ ಒಂದು, ಅದೇ ಸೀಳೆಲೆ, ಅದೇ ಅಡ್ಡ ಚಾಚುವ ಕೊಂಬೆ. ನಡುವೆ ಮೂರು ಮಾತ್ರ ಬೇರೆ. ಎಲೆ ದೊಡ್ಡದು, ನೇರಳೆ ಛಾಯೆ, ನೆಟ್ಟಗೆ ಮೇಲಕ್ಕೇ ಓಟ. ಬೀದಿಯ ತುದಿಯಲ್ಲಿ ನೇರಳೆ ಎಲೆಯ ಬೇರೊಂದು ಕ್ರ್ಯಾಬ್ ಆ್ಯಪಲ್ ಇದೆ. ಜೇನ್ನೊಣದ ಕಾಲಿಗೆ ಅಂಟಿ ಬಂದ ಅದರ ಪರಾಗ ಇವುಗಳೊಳಗೆ ಸೇರಿರಬೇಕು. ಮರುವರ್ಷ ಆ ಮೂರಕ್ಕೂ ಸೇಬಿನ ಹುರುಕು ರೋಗ ಬಂದು, ಎಲೆಯ ಮೇಲೆ ಎಣ್ಣೆ ಕಲೆಯಂಥ ಮಚ್ಚೆ ಬಿದ್ದು, ಆಗಸ್ಟ್‌ಗೇ ಬೋಳಾದವು. ಪಕ್ಕದಲ್ಲೇ ಇದ್ದ ತಾಯಿಯಚ್ಚಿನ ಸಸಿಗಳಿಗೆ ಅದು ತಾಗಲಿಲ್ಲ. ಆಯಿಗೆ ಈ ವಿಷಯ ಹೇಳಿದೆ. "ಹಂಗಾರೆ ಅದು ಹಳೇ ಗಿಡನೇ ಹೇಳಾತು" ಅಂದಳು. ಅಷ್ಟು ಪುಟ ಓದಿ ನಾನು ತಿಳಿದದ್ದನ್ನು ಅವಳು ಒಂದು ಸಾಲಿನಲ್ಲಿ ಹೇಳಿದ್ದಳು.

ಸಸಿಗಳಲ್ಲಿ ಮೂವತ್ತನ್ನು ಇಟ್ಟುಕೊಂಡು ಉಳಿದದ್ದನ್ನು ಊರಿನವರಿಗೆ ಹಂಚಿದೆ. ಮೊದಲ ಚಳಿಗಾಲದಲ್ಲಿ ಕುಂಡಗಳನ್ನು ಸಾಲಾಗಿ ನೆಲದಲ್ಲಿ ಹೂತು, ಮೇಲೆ ಒಂದಡಿ ದರಕು, ಅಂದರೆ ಒಣ ಎಲೆ, ಮುಚ್ಚಿದೆ. ನೆಲದಲ್ಲಿದ್ದರೆ ಮೈನಸ್ 20 ಡಿಗ್ರಿಯನ್ನೂ ತಡೆಯುವ ಗಿಡದ ಬೇರು, ಬರೀ ಕುಂಡದಲ್ಲಿ ಗಾಳಿಗೆ ಬಿಟ್ಟರೆ ಹೆಪ್ಪುಗಟ್ಟಿ ಸಾಯುತ್ತದೆ. ಬೇಸಿಗೆಯಲ್ಲಿ ಜಪಾನಿ ಜೀರುಂಡೆಯ ಕಾಟ, ಎಲೆಯ ನರ ಮಾತ್ರ ಬಿಟ್ಟು ಉಳಿದದ್ದನ್ನೆಲ್ಲ ತಿನ್ನುತ್ತದೆ. ಬೆಳಿಗ್ಗೆ ಬೇಗ, ಅವಿನ್ನೂ ಜಡವಾಗಿರುವಾಗ, ಸಾಬೂನು ನೀರಿನ ಡಬ್ಬಿಗೆ ಕೊಡವಿದರೆ ಸಾಕು. ಔಷಧಿ ಹೊಡೆಯಲಿಲ್ಲ.

ಅಜ್ಜಿಯ ಮನೆ 2019ರಲ್ಲಿ ಮಾರಾಟವಾಯಿತು. ಕೊಂಡವರು ಹಳೆಯ ಮನೆಯನ್ನು ಕೆಡವಿ ದೊಡ್ಡದು ಕಟ್ಟುವವರು. ಸೆಪ್ಟೆಂಬರ್‌ನ ಒಂದು ಮಂಗಳವಾರ ಬೆಳಿಗ್ಗೆ ಯಂತ್ರ ಬಂತು. ಪೊದೆಯ ತುಂಬ ಹಣ್ಣು ಕೆಂಪಾಗುತ್ತಿದ್ದ ಸಮಯ. ಹತ್ತು ನಿಮಿಷದ ಕೆಲಸ. ಆ ಜಾಗದಲ್ಲಿ ಈಗ ಎರಡು ಕಾರು ನಿಲ್ಲುವ ಡಾಂಬರು ಹಾಸು ಇದೆ. ನಾನು ಮಧ್ಯಾಹ್ನದವರೆಗೂ ಕಿಟಕಿಯ ಹತ್ತಿರ ಹೋಗಲಿಲ್ಲ. ಆ ಅಕ್ಟೋಬರ್‌ನಲ್ಲೇ ಬೇಲಿಯ ಈಚೆ ಬದಿಗೆ, ಆರಾರು ಅಡಿ ಅಂತರದಲ್ಲಿ, ಆರು ಗಿಡ ನೆಟ್ಟೆ. ಗುಂಡಿಗೆ ಗೊಬ್ಬರ ಹಾಕಲಿಲ್ಲ, ಇದ್ದ ಮಣ್ಣನ್ನೇ ತುಂಬಿ ಮೇಲೆ ದರಕು ಹಾಸಿದೆ. ಕುಂಡದೊಳಗೆ ಸುತ್ತು ಹಾಕಿದ್ದ ಬೇರುಗಳನ್ನು ಕತ್ತರಿಸಿ ಬಿಡಿಸಿದ್ದು ಮಾತ್ರ ತಪ್ಪಿಸಬಾರದ ಕೆಲಸ.

ಮೊಲಕ್ಕೆಂದು ಪ್ರತಿ ಗಿಡಕ್ಕೂ ಎರಡಡಿ ಎತ್ತರದ ತಂತಿ ಬಲೆಯ ಸುತ್ತು ಹಾಕಿದ್ದೆ. ಎರಡು ಚಳಿಗಾಲ ಅದು ಸಾಕಾಯಿತು. 2022ರ ಜನವರಿ 29ರಂದು ಬಾಸ್ಟನ್ನಿನಲ್ಲಿ ಒಂದೇ ದಿನ 60 ಸೆಂಟಿಮೀಟರ್ ಹಿಮ ಬಿತ್ತು. ಗಾಳಿಗೆ ನಮ್ಮ ಬೇಲಿಯ ಬುಡದಲ್ಲಿ ಅದು ಇನ್ನೂ ಎತ್ತರಕ್ಕೆ ಗುಡ್ಡೆಯಾಯಿತು. ಬಲೆ ಮುಚ್ಚಿಹೋಗಿತ್ತು. ಮೊಲ ಆ ಗುಡ್ಡೆಯ ಮೇಲೆ ಕೂತು, ಬಲೆಗಿಂತ ಮೇಲಿನ ತೊಗಟೆಯನ್ನೆಲ್ಲ ಸುತ್ತಲೂ ಹೆರೆದು ತಿಂದಿತ್ತು. ಹಿಮ ಕರಗಿದ ಮೇಲೆ ನೋಡಿದರೆ ಎರಡು ಗಿಡಗಳ ಕಾಂಡ ಬೆಳ್ಳಗೆ ಮೂಳೆಯಂತೆ ಕಾಣುತ್ತಿತ್ತು. ಸುತ್ತಲೂ ತೊಗಟೆ ಹೋದರೆ ಅದರ ಮೇಲಿನದು ಉಳಿಯುವುದಿಲ್ಲ. ಏಪ್ರಿಲ್‌ನಲ್ಲಿ ಗಾಯದ ಕೆಳಗೆ ಕತ್ತರಿಸಿ ಹಾಕಿದೆ. ಮೇ ಕೊನೆಗೆ ಬುಡದಿಂದ ಏಳೆಂಟು ಚಿಗುರು ಬಂದವು, ಎಲ್ಲದರಲ್ಲೂ ಅದೇ ಸೀಳೆಲೆ. ಇಲ್ಲೇ ಬೀಜದ ಗಿಡದ ದೊಡ್ಡ ಗುಣ ಇರುವುದು. ಅಂಗಡಿಯಿಂದ ತಂದ ಕಸಿ ಗಿಡವಾಗಿದ್ದರೆ ಕಸಿಯ ಕೆಳಗಿಂದ ಏಳುತ್ತಿದ್ದದ್ದು ಬೇರಿನ ಜಾತಿ, ಬೇರೆಯೇ ಗಿಡ. ಇದು ಸ್ವಂತ ಬೇರಿನ ಮೇಲೆ ನಿಂತದ್ದು, ನೆಲಮಟ್ಟಕ್ಕೆ ಹೋದರೂ ಅದೇ ಆಗಿ ಏಳುತ್ತದೆ.

ಹೂವಿಗಾಗಿ ಐದು ವರ್ಷ ಕಾದೆ. 2023ರ ಫೆಬ್ರವರಿ 4ಕ್ಕೆ ಇಲ್ಲಿ ಮೈನಸ್ 23 ಡಿಗ್ರಿಗೆ ಇಳಿದು, ಈ ಕಡೆಯ ಪೀಚ್ ಮರಗಳ ಹೂಮೊಗ್ಗು ಸತ್ತು ಆ ವರ್ಷದ ಫಸಲೇ ಹೋಯಿತು. ನಮ್ಮ ಗಿಡಗಳೂ ಈ ವರ್ಷ ಇಲ್ಲ ಎಂದುಕೊಂಡಿದ್ದೆ. ಮೇ ಮೊದಲ ವಾರ, ಬೇಲಿಯ ತುದಿಯ ಗಿಡದಲ್ಲಿ, ಮೊಣಕಾಲೆತ್ತರದ ಒಂದು ಅಡ್ಡ ಕೊಂಬೆಯ ಮೇಲೆ ನಾಲ್ಕು ಗೊಂಚಲು. ಒಂದೊಂದರಲ್ಲೂ ಐದಾರು ಮೊಗ್ಗು, ಕುಂಕುಮದ ಕೆಂಪು, ಉದ್ದ ತೊಟ್ಟಿನ ತುದಿಯಲ್ಲಿ ಗುಂಡಗೆ. ದಿನ ಕಳೆದಂತೆ ಕೆಂಪು ತೆಳುವಾಗುತ್ತಾ, ದಳದ ಹೊರಮೈಯಲ್ಲಿ ಮಾತ್ರ ಒಂದು ಗುಲಾಬಿ ಗೆರೆ ಉಳಿದು, ಆರನೆಯ ದಿನ ಬೆಳಿಗ್ಗೆ ಬಿರಿದಾಗ ಐದು ಬಿಳಿ ದಳ, ನಡುವೆ ಹಳದಿ ಕೇಸರ. ನೆಲದ ಮೇಲೆ ಕೂತು ಮೂಗಿಟ್ಟು ನೋಡಿದೆ. ಅದೇ ಪರಿಮಳ.

ಅಜ್ಜಿಗೆ ಆಗ 88. ಮಗಳ ಫೋನಿಗೆ ವಿಡಿಯೊ ಕಳಿಸಿದೆ. ಸಂಜೆ ಅವರೇ ಕರೆ ಮಾಡಿ ಕೇಳಿದ್ದು, "ಬಿರಿಯುವ ಮುಂಚೆ ಕೆಂಪಗಿತ್ತಾ?" ಇತ್ತು ಎಂದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ಅವರ ಗಂಡ ಆ ಗಿಡವನ್ನು ಯಾವ ಅಂಗಡಿಯಿಂದ ತಂದರು, ತಂದ ದಿನ ಎಷ್ಟು ಮಳೆಯಿತ್ತು ಎಂಬುದನ್ನೆಲ್ಲ ಹೇಳಿದರು.

ಇಟ್ಟುಕೊಂಡಿದ್ದ ಮೂವತ್ತರಲ್ಲಿ ಕೆಲವು ಇನ್ನೂ ದೊಡ್ಡ ಕುಂಡದಲ್ಲೇ ಇದ್ದವು. ಆ ಅಕ್ಟೋಬರ್‌ನಲ್ಲಿ ಅವುಗಳಲ್ಲಿ ಎರಡನ್ನು ಕಾರಿನ ಹಿಂದೆ ಮಲಗಿಸಿಕೊಂಡು ನಾಲ್ಕು ಗಂಟೆ ದಾರಿ ಹೋದೆವು. ಮಗಳ ಮನೆಯಲ್ಲಿ ಅಜ್ಜಿ ಕೂರುವ ಕಿಟಕಿಯ ಎದುರಿಗೇ ಜಾಗ ನೋಡಿ ಇಟ್ಟಿದ್ದರು, ಒಳ್ಳೆಯ ಬಿಸಿಲು ಬೀಳುವ ಜಾಗ. ಅಜ್ಜಿ ಕುರ್ಚಿ ಹಾಕಿಸಿಕೊಂಡು ಹೊರಗೆ ಕೂತು, ಗುಂಡಿ ಇನ್ನೂ ಅಗಲ ಬೇಕೆಂದು ನನ್ನ ಗಂಡನಿಗೆ ಎರಡು ಸಲ ಹೇಳಿದರು. ಅಗಲ ಮಾಡಿದೆವು. ಮೊಲದ ಬಲೆ ಈ ಸಲ ನಾಲ್ಕಡಿ ಎತ್ತರದ್ದೇ ಹಾಕಿ ಬಂದೆ.